ಟೈರು ನೋಡಲಿಲ್ಲ, ಯಾರ ಪೈಕಿ ಅಂತ ಕೇಳಿದ್ರು

ಮೊನ್ನೆ ಭಾನುವಾರ ನನ್ನ ಕಾರಿಗೆ ಇನ್ನೊಂದು ಕಾರು ತಾಗಿತು. ಯಾರಿಗೂ ಏಟಾಗಿಲ್ಲ. ಎಡಗಡೆ ಹಿಂದಿನ ಬಾಗಿಲು ಒಳಕ್ಕೆ ಹೋಗಿದೆ, ಅಷ್ಟೆ. ಟಿಂಕರಿಂಗು, ಪೇಂಟು ಎಲ್ಲಾ ಸೇರಿ 6,500 ಆಗುತ್ತಣ್ಣ ಅಂದ ಗ್ಯಾರೇಜಿನ ಹುಡುಗ. ಇಷ್ಟಕ್ಕೆ ಇಷ್ಟುದ್ದ ಬರೀಬೇಕಾ ಅಂತ ಕೇಳೋರು ಕೇಳಲಿ. ನಾನು ಬರೀತಿರೋದು ಬಾಗಿಲಿನ ಕತೆ ಅಲ್ಲ. ಆ ಬಾಗಿಲ ಸುತ್ತ ನಿಂತ ಜನ ಹತ್ತೇ ನಿಮಿಷದಲ್ಲಿ ನ್ಯಾಯ ಹೇಳಿದ ಕತೆ.

ಯಾವ ಊರು ಅಂತ ಬೇಕಂತಲೇ ಹೇಳ್ತಿಲ್ಲ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ಈ ನಾಲ್ಕರಲ್ಲಿ ಒಂದು. ಹೆಸರು ಹೇಳಿದ್ರೆ ಉಳಿದ ಮೂರೂರಿನವರು "ಅಯ್ಯೋ ಅಲ್ಲಿ ಜನಾನೇ ಹಂಗೆ ಬಿಡಿ" ಅಂದು ತಪ್ಪಿಸ್ಕೋತಾರೆ. ಯಾರೂ ತಪ್ಪಿಸ್ಕೋಬಾರದು ಅಂತಲೇ ಈ ಪೋಸ್ಟು.

ಆದದ್ದು ಇಷ್ಟು. ನೆಂಟರ ಮದುವೆ. ಕಲ್ಯಾಣ ಮಂಟಪದ ಮುಂದೆ ಎರಡೂ ಕಡೆ ಗಾಡಿಗಳು. ನನ್ನದು ಹಳೇ ಆಲ್ಟೋ, ಮನೆಯವಳು ಡೈರಿಗೆ ಹಾಲು ಹಾಕಿ ಕೂಡಿಟ್ಟ ದುಡ್ಡಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ರಸ್ತೆ ಪಕ್ಕ ನಿಲ್ಲಿಸಿ, ಇಂಜಿನ್ ಆಫ್ ಮಾಡಿ, ಹ್ಯಾಂಡ್ ಬ್ರೇಕ್ ಎಳೆದಿದ್ದೆ. ಮುಂದಿನ ಸೀಟಲ್ಲಿದ್ದ ಮಗಳು ಚಪ್ಪಲಿ ಹಾಕ್ಕೋತಿದ್ದಳು. ಅಷ್ಟರಲ್ಲಿ ಪಕ್ಕದ ಗೇಟಿನೊಳಗಿಂದ ದೊಡ್ಡ ಬಿಳೀ ಗಾಡಿ ರಿವರ್ಸ್ ಬಂತು. ಹಾರ್ನ್ ಹೊಡೆದೆ. ಅದು ನಿಲ್ಲಲಿಲ್ಲ. ಬಾಗಿಲು ದಡ್ ಅಂತು.

ಒಂದು ಮಾತು ಮೊದಲೇ ಹೇಳಿಬಿಡ್ತೀನಿ. ನನ್ನ ಕಾರಿನ ಹಿಂಭಾಗ ಒಂದಡಿಯಷ್ಟು ಆ ಗೇಟಿಗೆ ಅಡ್ಡ ಬಂದಿತ್ತು. ಅದು ನನ್ನ ತಪ್ಪು. ಮುಚ್ಚಿಡೋಕೆ ಹೋಗಲ್ಲ. ನಿಂತ ಗಾಡಿಗೆ ಹಿಂದೆ ನೋಡದೆ ಬಂದು ಗುದ್ದಿದ್ದು ಅವರ ತಪ್ಪು. ಯಾರದು ಎಷ್ಟು ಅಂತ ಲೆಕ್ಕ ಹಾಕೋಕೆ ಎರಡು ಗಾಡಿ ನಿಂತ ಜಾಗ ನೋಡಿದ್ರೆ ಸಾಕಿತ್ತು.

ಮೊದಲ ಎರಡು ನಿಮಿಷ ಎಲ್ಲ ಸರಿಯಾಗೇ ಇತ್ತು. ಗಾಡಿಯಿಂದ ಇಳಿದ ಯಜಮಾನ್ರು "ಸಾರಿ ಸಾರ್, ನೋಡ್ಲಿಲ್ಲ, ಎಷ್ಟಾಗುತ್ತೋ ನೋಡಿ" ಅಂದ್ರು. ಗೇಟಿನ ಹತ್ರ ಹೂವು ಮಾರೋ ಅಮ್ಮ "ಅವ್ರು ಪಾಪ ನಿಂತೇ ಇದ್ರು, ನಿಮ್ದೇ ಹಿಂದಕ್ಕೆ ಬಂತು" ಅಂತು. ಆಮೇಲೆ ನಾಲ್ಕು ಜನ ಸೇರಿದ್ರು. ಒಬ್ಬರು ಕೇಳಿದ್ರು, "ಯಾವೂರಣ್ಣ?" ಹೇಳಿದೆ. "ಅಲ್ಲಿ ಯಾರ ಪೈಕಿ?" ನಾನು ಸುಮ್ಮನಿದ್ದೆ. ಇನ್ನೊಬ್ಬರು ತೆಲುಗಲ್ಲಿ "ಮನವಾಳ್ಳೇನಾ?" ಅಂತ ಪಕ್ಕದವರನ್ನ ಕೇಳಿದ್ರು, ನಮ್ಮೋರೇನಾ ಅಂತ. ಮೂರನೆಯವರು ಕಾರಿನ ಹಿಂದಕ್ಕೆ ಹೋಗಿ ಗಾಜು ನೋಡಿದ್ರು. ಗಾಜಿನ ಮೇಲೆ ಬಾಬಾಸಾಹೇಬರ ಸ್ಟಿಕ್ಕರ್ ಇದೆ. ವಾಪಸ್ ಬಂದು ಯಜಮಾನ್ರ ಕಿವಿಯಲ್ಲಿ ಏನೋ ಹೇಳಿದ್ರು.

ಅಲ್ಲಿಂದ ವ್ಯಾಕರಣ ಬದಲಾಯ್ತು. "ಸಾರ್" ಹೋಗಿ "ನೀವು" ಬಂತು. "ನೀವು" ಹೋಗಿ "ನೀನು" ಬಂತು. "ನೋಡಪ್ಪ, ನೀನು ಗೇಟಿಗೆ ಅಡ್ಡ ಹಾಕಿದ್ದೀಯ. ಗಾಡಿ ಇನ್ನೂ ಮೂವ್‌ಮೆಂಟಲ್ಲಿತ್ತು, ನಾನೇ ನೋಡ್ದೆ" ಅಂದ್ರು, ಡಿಕ್ಕಿ ಆದಾಗ ಅಲ್ಲಿ ಇಲ್ಲದೇ ಇದ್ದ ಒಬ್ಬರು. ಹೂವಿನಮ್ಮ ತಲೆ ಬಗ್ಗಿಸಿ ಹೂವು ಕಟ್ಟೋಕೆ ಶುರು ಮಾಡಿದ್ಲು. ತೀರ್ಪು ಬಂತು: "ಅವರ ಬಂಪರ್ ಗೀಚಿದೆ. 5,000 ಕೊಟ್ಟು ಹೋಗು, ದೊಡ್ಡದು ಮಾಡ್ಬೇಡ."

ಗುದ್ದಿಸಿಕೊಂಡವನು ನಾನು, ದಂಡ ಕಟ್ಟಬೇಕಾದವನೂ ನಾನೇ!

ನಾನು ಕೇಳಿದ್ದು ಒಂದೇ. ಇಬ್ಬರದೂ ಡಿಎಲ್, ಆರ್‌ಸಿ, ಇನ್ಶೂರೆನ್ಸ್ ಫೋಟೋ ತಗೊಳ್ಳೋಣ, ಸ್ಟೇಷನ್‌ನಲ್ಲಿ ಬರೆಸೋಣ, ನನ್ನ ತಪ್ಪು ಎಷ್ಟಿದೆಯೋ ಅಷ್ಟಕ್ಕೆ ನಾನು ರೆಡಿ. ಇಷ್ಟಕ್ಕೇ ಸಿಟ್ಟು ಬಂತು. "ಕಾನೂನು ಮಾತಾಡ್ತಾನೆ ನೋಡು." ಹಿಂದಿನಿಂದ ಇನ್ನೊಂದು ದನಿ: "ಹುಷಾರು, ಅಟ್ರಾಸಿಟಿ ಹಾಕಿಬಿಡ್ತಾರೆ." ಸುತ್ತ ನಗು.

ಆ ನಗುವಿಗೆ ಉತ್ತರ ಕೊಡಬೇಕು ಅಂತಲೇ ಬರೀತಿದೀನಿ.

ನಾನು ಅಟ್ರಾಸಿಟಿ ಕೇಸ್ ಹಾಕಲಿಲ್ಲ. ಯಾಕಂದ್ರೆ ಅಲ್ಲಿ ಯಾರೂ ಜಾತಿ ಹೆಸರು ಎತ್ತಿ ಬೈಯಲಿಲ್ಲ. 1989ರ ಕಾಯ್ದೆಯ 3(1)(ಆರ್) ಇರೋದು ಅವಮಾನ ಮಾಡಬೇಕು ಅಂತಲೇ ಮಾಡಿದ ನಿಂದನೆಗೆ. 3(1)(ಎಸ್) ಇರೋದು ಜಾತಿ ಹೆಸರಿನ ಬೈಗುಳಕ್ಕೆ. ಎರಡೂ ಸಾರ್ವಜನಿಕರ ಕಣ್ಣಿಗೆ ಬೀಳೋ ಜಾಗದಲ್ಲಿ ಆಗಿರಬೇಕು. ಬೈದಿದ್ರೆ ಅವತ್ತೇ ಹಾಕ್ತಿದ್ದೆ, ಯಾರಪ್ಪನಿಗೂ ಹೆದರ್ತಿರಲಿಲ್ಲ. ಬೈಯದೆ ಇದ್ದಾಗ ಬೈದ್ರು ಅಂತ ಬರೆದುಕೊಡೋನು ನಾನಲ್ಲ. ಆ ಕಾನೂನಿನ ಹಿಂದೆ ನಮ್ಮವರ ಹೆಣಗಳಿವೆ. 6,500 ರೂಪಾಯಿ ಬಾಗಿಲಿಗೆ ಅದನ್ನ ಸವೆಸಲ್ಲ. ದುರುಪಯೋಗ ದುರುಪಯೋಗ ಅಂತ ಬಾಯಿ ಬಡ್ಕೊಳ್ಳೋರೇ, ಇದನ್ನೂ ಬರೆದಿಟ್ಟುಕೊಳ್ಳಿ.

ಅವತ್ತು ರಾತ್ರಿ ಮಗಳು ಕೇಳಿದ್ಲು. ಪಿಯುಸಿ ಓದ್ತಿದ್ದಾಳೆ. "ಅಪ್ಪಾ, ಅವರು ಜಾತಿ ಹೆಸರು ತೆಗೀಲೇ ಇಲ್ಲ. ಮತ್ತೆ ಇದು ಜಾತಿ ಹೆಂಗಾಯ್ತು?" ಅವಳಿಗೆ ಹೇಳಿದ್ದು ಇಷ್ಟೆ: "ಸಾರಿ ಅಂದಿದ್ದ ಬಾಯಲ್ಲೇ 5,000 ಕೊಡು ಅನ್ನೋ ಮಾತು ಬಂತಲ್ಲ, ಮಧ್ಯದಲ್ಲಿ ಏನಾಯ್ತು ಅಂತ ನೆನಪು ಮಾಡ್ಕೋ. ಕಾರು ಸರೀಲಿಲ್ಲ, ಗೇಟು ಸರೀಲಿಲ್ಲ. ಅವರಿಗೆ ಗೊತ್ತಾಗಿದ್ದು ಒಂದೇ ಹೊಸ ವಿಷಯ."

ಇದು ಬರೀ ನನ್ನ ಕಾರಿಗೆ ಆದ ಹೊಸ ನ್ಯಾಯ ಅಲ್ಲ. ನಮ್ಮ ಮಾಲೂರು ತಾಲ್ಲೂಕಿನ ಉಳ್ಳೇರಹಳ್ಳಿ ಮರೆತಿಲ್ಲ ತಾನೆ? 2022ರ ಸೆಪ್ಟೆಂಬರ್. ದೇವರ ಮೆರವಣಿಗೆಯ ಕೋಲು ಮುಟ್ಟಿದ ಅಂತ ನಮ್ಮ ಹುಡುಗನೊಬ್ಬನ ಮನೆಯವರಿಗೆ 60,000 ರೂಪಾಯಿ ದಂಡ ಹಾಕಿದ್ರು. ಅದೂ ಕೋರ್ಟ್ ಹಾಕಿದ ದಂಡ ಅಲ್ಲ. ಊರಿನ ನಾಲ್ಕು ಜನ ನಿಂತು ಹೇಳಿದ್ದು. ಆ ಮನೆಯವರು ದೇವರ ಫೋಟೋ ತೆಗೆದು ಬಾಬಾಸಾಹೇಬರ ಫೋಟೋ ಹಾಕ್ಕೊಂಡ್ರು, ನಾಡಿಗೆಲ್ಲ ಗೊತ್ತಾಯ್ತು, ಕೇಸ್ ಆಯ್ತು. ಅಲ್ಲಿ ಕೋಲು, ಇಲ್ಲಿ ಬಂಪರು. ಅಲ್ಲಿ 60,000, ಇಲ್ಲಿ 5,000. ಎರಡನ್ನೂ ಒಂದೇ ತಕ್ಕಡಿಗೆ ಹಾಕ್ತಿಲ್ಲ. ಆದ್ರೆ ತಕ್ಕಡಿ ಹಿಡಿದ ಕೈ ಒಂದೇ. ನಾಲ್ಕು ಜನ ಸೇರ್ತಾರೆ, ಯಾರ ಪೈಕಿ ಅಂತ ಕೇಳ್ತಾರೆ, ಆಮೇಲೆ ರೇಟು ಹೇಳ್ತಾರೆ.

ಇದಕ್ಕೆ ಇಟ್ಟಿರೋ ಹೆಸರು "ಸೆಟಲ್‌ಮೆಂಟ್". ಕೇಳೋಕೆ ಎಷ್ಟು ಚೆಂದ! ಸಣ್ಣ ವಿಷಯ, ಸ್ಟೇಷನ್ ಯಾಕೆ, ಕೋರ್ಟ್ ಯಾಕೆ, ಇಲ್ಲೇ ಮಾತಾಡಿ ಮುಗಿಸಿ. ಇಬ್ಬರ ಮಾತಿಗೂ ಒಂದೇ ತೂಕ ಇದ್ದಾಗ ಅದು ಒಳ್ಳೇದೇ. ನಾನೂ ಎಷ್ಟೋ ಜಗಳ ಹಂಗೇ ಬಗೆಹರಿಸಿದೀನಿ. ಒಬ್ಬನ ಮಾತು ಕಲ್ಲು, ಇನ್ನೊಬ್ಬನ ಮಾತು ಹೊಟ್ಟು ಅನ್ನೋ ಕಡೆ ಸೆಟಲ್‌ಮೆಂಟ್ ಅಂದ್ರೆ ದಂಡ ಅಂತಲೇ ಅರ್ಥ.

ಹೂವಿನಮ್ಮನ ಮೇಲೆ ನನಗೆ ಸಿಟ್ಟಿಲ್ಲ. ನಾನು ಹೊರಡುವಾಗ ಹತ್ರ ಬಂದು ಮೆಲ್ಲಗೆ ಹೇಳಿದ್ಲು: "ನಾನು ನೋಡ್ದೆ ಕಣಪ್ಪ. ಆದ್ರೆ ನಾಳೆ ಇಲ್ಲೇ ಕೂತ್ಕೋಬೇಕಲ್ಲ." ಆ ಮಾತು ಕೇಳಿ ನನಗೆ ಕಂಬಾಲಪಲ್ಲಿ ನೆನಪಾಯ್ತು. 2000ದ ಮಾರ್ಚ್ 11. ಆಗ ಅದು ನಮ್ಮ ಜಿಲ್ಲೆಯದೇ ಊರು, ಚಿಂತಾಮಣಿ ತಾಲ್ಲೂಕು. ಏಳು ಜನ ದಲಿತರನ್ನ ಜೀವಂತ ಸುಟ್ಟರು. 2006ರಲ್ಲಿ ಆರೋಪಿಗಳೆಲ್ಲರೂ ಖುಲಾಸೆ. 2014ರಲ್ಲಿ ಹೈಕೋರ್ಟ್ ಕೂಡ ಅದನ್ನೇ ಎತ್ತಿಹಿಡಿಯಿತು. ಕಾರಣ? ಸಾಕ್ಷಿಗಳು ತಿರುಗಿಬಿದ್ದರು. ಸಾಕ್ಷಿ ತಿರುಗಿಬೀಳೋದು ಅಂದ್ರೆ ಏನು ಅಂತ ನಾನು ಪತ್ರಿಕೆಯಲ್ಲಿ ಓದಿದ್ದೆ. ಭಾನುವಾರ ಕಣ್ಣಾರೆ ನೋಡಿದೆ. ತಲೆ ಬಗ್ಗುತ್ತೆ, ಕೈ ಹೂವು ಕಟ್ಟೋಕೆ ಶುರು ಮಾಡುತ್ತೆ. ಬಾಗಿಲಿನ ವಿಷಯಕ್ಕೇ ಇಷ್ಟು ಭಯ ಇರೋ ಕಡೆ ಕೊಲೆಗೆ ಸಾಕ್ಷಿ ಎಲ್ಲಿಂದ ಬರಬೇಕು?

2011ರ ಜನಗಣತಿ ಪ್ರಕಾರ ಕೋಲಾರ ಜಿಲ್ಲೆಯಲ್ಲಿ ಪರಿಶಿಷ್ಟ ಜಾತಿಯವರು ನೂರಕ್ಕೆ 30. ಇಡೀ ರಾಜ್ಯದಲ್ಲೇ ಹೆಚ್ಚು. ಲೋಕಸಭೆ ಸೀಟು ಮೀಸಲು, ಮುಳಬಾಗಿಲು ವಿಧಾನಸಭೆ ಸೀಟು ಮೀಸಲು. ಓಟಿನ ದಿನ ನಾವು ಇಷ್ಟು ಜನ. ರಸ್ತೆಯಲ್ಲಿ ಕಾರಿಗೆ ಕಾರು ತಾಗಿದಾಗ ಮಾತ್ರ ನಾವು ಒಬ್ಬರೇ.

ಈಗ ನಮ್ಮ ಕಡೆಯವರಿಗೂ ಒಂದು ಮಾತು, ಕಹಿಯಾದ್ರೂ ಕೇಳಿ. ನಾನು ಸ್ಟೇಷನ್‌ಗೆ ಹೋಗೋ ಅಷ್ಟರಲ್ಲಿ ಮೂರು ಫೋನ್ ಬಂತು. "ಹತ್ತು ಬೈಕಲ್ಲಿ ಹುಡುಗ್ರನ್ನ ಕರ್ಕೊಂಡು ಬರ್ತೀವಣ್ಣ, ಅವರೇ ದುಡ್ಡು ಕೊಟ್ಟು ಹೋಗಂಗೆ ಮಾಡ್ತೀವಿ." ಪ್ರೀತಿಯಿಂದಲೇ ಹೇಳಿದ್ರು, ಬೇಡ ಅಂದೆ. ಹತ್ತು ಬೈಕ್ ಬಂದಿದ್ರೆ 10,000 ಬರ್ತಿತ್ತೇನೋ. ಆದ್ರೆ ಆಗಲೂ ಟೈರ್ ಯಾರೂ ನೋಡ್ತಿರಲಿಲ್ಲ, ತಲೆ ಎಣಿಸ್ತಿದ್ರು. ಅವರ ಪಂಚಾಯ್ತಿಗೆ ನಮ್ಮ ಪಂಚಾಯ್ತಿ ಉತ್ತರ ಅಲ್ಲ. ಕಾರಿನ ಮುಂದೆ "ಅಧ್ಯಕ್ಷರು" ಅಂತ ಬೋರ್ಡ್ ಹಾಕ್ಕೊಂಡು, ಬಡವರ ಜಗಳ ಸೆಟಲ್ ಮಾಡಿ ಅದರಲ್ಲಿ ಪಾಲು ತಿನ್ನೋ ನಮ್ಮ ಕೆಲವು ಲೀಡರುಗಳಿಗೂ ಇದು ಅನ್ವಯಿಸುತ್ತೆ. ಬೇಜಾರಾದ್ರೆ ಆಗಲಿ.

ಸ್ಟೇಷನ್‌ನಲ್ಲೂ ಅದೇ ರಾಗ. "ಇಷ್ಟಕ್ಕೆಲ್ಲಾ ಕಂಪ್ಲೇಂಟಾ? ಹೊರಗಡೆ ಮಾತಾಡ್ಕೊಂಡು ಬನ್ನಿ." ಹೊರಗಡೆ ಮಾತಾಡೋಕೆ ಆಗದೆ ತಾನೆ ಒಳಗಡೆ ಬಂದಿದ್ದು? ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 134 ತೆಗೆದು ತೋರಿಸಿದೆ. ಅಪಘಾತದಲ್ಲಿ ಇನ್ನೊಬ್ಬರ ಆಸ್ತಿಗೆ ಹಾನಿಯಾದ್ರೂ, ಸ್ಥಳದಲ್ಲಿ ಪೊಲೀಸರು ಇಲ್ಲದಿದ್ರೆ ಡ್ರೈವರ್ ಹತ್ತಿರದ ಠಾಣೆಗೆ 24 ಗಂಟೆಯೊಳಗೆ ತಿಳಿಸಬೇಕು, ಇನ್ಶೂರೆನ್ಸ್ ಕಂಪನಿಗೂ ಬರೆದು ತಿಳಿಸಬೇಕು. ಎಫ್‌ಐಆರ್ ಆಗೋ ಕೇಸಲ್ಲ ಅಂದ್ರೆ ಅದನ್ನೇ ಹಿಂಬರಹದಲ್ಲಿ ಬರೆದು ಕೊಡಿ ಅಂದೆ. ಎರಡು ಗಂಟೆ ಕೂತ ಮೇಲೆ ಕೊಟ್ರು. ಮಗಳು ಡಿಕ್ಕಿ ಆದ ತಕ್ಷಣ, ಇನ್ನೂ ಜನ ಸೇರೋ ಮುಂಚೆ, ಮೊಬೈಲಲ್ಲಿ ವಿಡಿಯೋ ಮಾಡಿದ್ಲು. ಎಳೆದ ಹ್ಯಾಂಡ್ ಬ್ರೇಕು, ಟೈರು ನಿಂತ ಜಾಗ, ಗೇಟು, ಎರಡೂ ನಂಬರ್ ಪ್ಲೇಟು, ಜೊತೆಗೆ ಯಜಮಾನ್ರ ಆ ಮೊದಲ "ಸಾರಿ ಸಾರ್". ಅದನ್ನ ಹಾಕಿ ತೋರಿಸಿದ ಮೇಲೆ 5,000ದ ಮಾತು ಮತ್ತೆ ಯಾರೂ ಎತ್ತಲಿಲ್ಲ.

ತಮಾಷೆ ಅಂದ್ರೆ, ಅವರ ಗಾಡಿಗೆ ಫುಲ್ ಇನ್ಶೂರೆನ್ಸ್ ಇತ್ತು. ಅವರ ಬಂಪರ್ ಗೀಚು ಅದರಲ್ಲೇ ಹೋಗ್ತಿತ್ತು, ನೋ ಕ್ಲೇಮ್ ಬೋನಸ್ ಕಳ್ಕೊಂಡಿರೋರು, ಅಷ್ಟೆ. ನನ್ನದಕ್ಕೆ ಇರೋದು ಬರೀ ಥರ್ಡ್ ಪಾರ್ಟಿ. ಅದರಲ್ಲಿ ನನ್ನ ಬಾಗಿಲಿಗೆ ಬಿಡಿಗಾಸು ಬರಲ್ಲ. ಅವರ ಥರ್ಡ್ ಪಾರ್ಟಿಯಿಂದ ಬರಬೇಕಂದ್ರೆ ಮೋಟಾರು ಅಪಘಾತ ನ್ಯಾಯಮಂಡಳಿಗೆ ಹೋಗಬೇಕು. 6,500ಕ್ಕೆ ಯಾರು ಅಲೀತಾರೆ? ಕೊನೆಗೆ ಅವರದ್ದು ಅವರು, ನನ್ನದು ನಾನು ಅಂತಾಯ್ತು. ನನಗೆ 1 ರೂಪಾಯಿ ಬಂದಿಲ್ಲ. ನಾನೂ 1 ರೂಪಾಯಿ ದಂಡ ಕಟ್ಟಿಲ್ಲ. ಈ ಎರಡನೇದಕ್ಕೇ ನಾನು ಎರಡು ಗಂಟೆ ಕೂತಿದ್ದು.

1929ರಲ್ಲಿ ಚಾಳೀಸಗಾಂವ್‌ನಲ್ಲಿ ಬಾಬಾಸಾಹೇಬರನ್ನ ಕೂರಿಸಿಕೊಂಡು ಹೋಗೋಕೆ ಟಾಂಗಾದವರು ಒಪ್ಪಲಿಲ್ಲ. ನಮ್ಮ ಜನ ಟಾಂಗಾ ಮಾತ್ರ ಬಾಡಿಗೆಗೆ ತಂದು, ಓಡಿಸೋಕೆ ಬಾರದ ತಮ್ಮವನೊಬ್ಬನ ಕೈಗೆ ಕೊಟ್ರು. ದಾರಿಯಲ್ಲಿ ಗಾಡಿ ಪಲ್ಟಿಯಾಗಿ ಬಾಬಾಸಾಹೇಬರು ಕಲ್ಲಿನ ಮೇಲೆ ಬಿದ್ದು ಕಾಲು ಮುರ್ಕೊಂಡ್ರು. ಅದನ್ನ ಬರೀ ಆಕ್ಸಿಡೆಂಟ್ ಅಂತ ಅವರು ಬಿಡಲಿಲ್ಲ, ಯಾಕೆ ಆಯ್ತು ಅಂತ ವಿಚಾರಿಸಿ ತಿಳ್ಕೊಂಡು ಬರೆದಿಟ್ರು. ನಾವೂ ಬರೆದಿಡಬೇಕು.

ಅದಕ್ಕೇ ತಮ್ಮಂದಿರಾ, ತಂಗಿಯರಾ, ನೆನಪಿಟ್ಟುಕೊಳ್ಳಿ. ಗಾಡಿ ತಾಗಿದ್ರೆ ಮೊದಲು ಯಾರಿಗಾದ್ರೂ ಏಟಾಗಿದೆಯಾ ನೋಡಿ. ಆಮೇಲೆ ಗಾಡಿ ಸರಿಸೋ ಮುಂಚೆ ವಿಡಿಯೋ ಮಾಡಿ, ನಾಲ್ಕೂ ಕಡೆಯಿಂದ. ಡಿಎಲ್, ಆರ್‌ಸಿ, ಇನ್ಶೂರೆನ್ಸ್ ಫೋಟೋ ತಗೊಳ್ಳಿ, ನಿಮ್ಮದೂ ಕೊಡಿ. ಜನ ಜಾಸ್ತಿಯಾದ್ರೆ 112ಕ್ಕೆ ಫೋನ್ ಮಾಡಿ. ಗಲಾಟೆಯಲ್ಲಿ ದುಡ್ಡು ಕೊಡಬೇಡಿ, ತಗೋಬೇಡಿ. ನಿಮ್ಮದೇ ತಪ್ಪಿದ್ರೆ ಒಪ್ಪಿಕೊಳ್ಳಿ, ಅದರಲ್ಲಿ ಅವಮಾನ ಇಲ್ಲ. ಜಾತಿ ಎತ್ತಿ ಬೈದ್ರೆ ಅದು ಬೇರೆ ಕೇಸು, ಅದನ್ನ ಬಂಪರ್ ಜೊತೆ ಸೆಟಲ್ ಮಾಡೋಕೆ ಯಾವ ಕಾರಣಕ್ಕೂ ಒಪ್ಪಬೇಡಿ.

ಇನ್ನು ಸುತ್ತ ನಿಲ್ಲೋ ನಾಲ್ಕು ಜನಕ್ಕೆ. ಮುಂದಿನ ಸಲ ಎಲ್ಲಾದ್ರೂ ಗಾಡಿಗೆ ಗಾಡಿ ತಾಗಿದ್ರೆ ನೀವು ಬಂದೇ ಬರ್ತೀರಿ, ಗೊತ್ತು. ಬನ್ನಿ. ಬಂದವರು ಬಗ್ಗಿ ಟೈರ್ ನೋಡಿ. ಹಿಂದಿನ ಗಾಜು ನೋಡೋಕೆ ಹೋಗಬೇಡಿ.

ಸ್ಟಿಕ್ಕರ್ ಅಲ್ಲೇ ಇದೆ. ತೆಗೆಯಲ್ಲ.

ಜೈ ಭೀಮ್.