ಸಪ್ಪಳ ಮಾಡದ ಗಿಣಿ

ರಾಯಚೂರು ಬಳಿಯ ಗಿಲ್ಲೆಸುಗೂರಿನ ಗದ್ದೆಗಳಿಗೆ ಎರಗುವ ನಮ್ಮ ಹಸಿರು ಗಿಣಿಯನ್ನು ಪಂಜರದಲ್ಲಿಟ್ಟರೆ 1972ರ ವನ್ಯಜೀವಿ ಕಾಯ್ದೆಯಡಿ ಅಪರಾಧ; ಅದು ಗದ್ದೆಯಲ್ಲೇ ಚೆಂದ. ಸಾಕಲೇಬೇಕೆಂಬ ಹಟದವರು ಸನ್ ಕನ್ಯೂರ್ ಎಂಬ ಕಿರುಚುವ ವಿದೇಶಿ ಗಿಣಿಯನ್ನು ತಂದು ಓಣಿಯವರ ನಿದ್ದೆ ಕೆಡಿಸುತ್ತಾರೆ. ನನಗಿಷ್ಟ, ಯಾರೂ ಅಷ್ಟಾಗಿ ಕೇಳದ ಲಿನಿಯೋಲೇಟೆಡ್ ಗಿಣಿ. ಮಧ್ಯ ಅಮೆರಿಕ, ಆಂಡೀಸ್‌ನ ಬೆಟ್ಟಗಾಡಿನದು. ಗೇಣುದ್ದವೂ ಇಲ್ಲ, ಹಸಿರು ಮೈಮೇಲೆ ಕಪ್ಪು ಗೆರೆಗಳು. ಕಿರುಚುವುದು ಕಡಿಮೆ, ತನ್ನಷ್ಟಕ್ಕೆ ಗೊಣಗುವುದೇ ಹೆಚ್ಚು. ತೊಯ್ದ ಮೆಂತ್ಯೆ ಸೊಪ್ಪಿನ ಕಟ್ಟು ಇಟ್ಟರೆ ಸಾಕು, ಎಲೆಗಳ ನಡುವೆ ಹೊರಳಾಡಿ ಮೈ ನೆನೆಸಿಕೊಂಡು, ತಲೆಕೆಳಗಾಗಿ ಜೋತುಬಿದ್ದು ರೆಕ್ಕೆ ಬಿಚ್ಚುತ್ತದೆ. ಕೊಂಡರೆ 2024ರ ನಿಯಮದಂತೆ ಕೇಂದ್ರ ಸರ್ಕಾರದ ಪರಿವೇಶ್ ಪೋರ್ಟಲಿನಲ್ಲಿ ನೋಂದಣಿ ಮಾಡಿಸಬೇಕು. ತಂಪು ನಾಡಿನ ಜೀವ ಬೇರೆ; ರಾಯಚೂರಿನ ಬೇಸಿಗೆಯಲ್ಲಿ ತಗಡಿನ ಸೂರಿನಡಿ ಇಡುವವರು ಇದರ ಆಸೆ ಬಿಡುವುದೇ ಒಳ್ಳೆಯದು.