ಗಣಕಯಂತ್ರದ ನಕ್ಷೆಯಲ್ಲಿ ಅಳತೆಯ ಸ್ಥಾನ

ಕಾಗದದ ಮೇಲೆ ನಕ್ಷೆ ಬರೆಯುವವನಿಗೆ ಮೊದಲು ರೇಖೆ, ಅನಂತರ ಅಳತೆ. ರೇಖೆಯು ತುಸು ಹೆಚ್ಚುಕಡಿಮೆಯಾದರೂ ಅದರ ಬಳಿ ಬರೆದ ಅಂಕಿಯೇ ಪ್ರಮಾಣವೆಂದು ಬಡಗಿಯೂ ಕಮ್ಮಾರನೂ ನಂಬಿ ನಡೆಯುವರು. ಗಣಕಯಂತ್ರದಲ್ಲಿಯಾದರೋ ಅಂಕಿಯೇ ಒಡೆಯ, ರೇಖೆಯು ಸೇವಕ. 1963ರಲ್ಲಿ ಅಮೆರಿಕದ ಐವಾನ್ ಸದರ್ಲೆಂಡ್ ಎಂಬವರು ರಚಿಸಿದ ಸ್ಕೆಚ್‌ಪ್ಯಾಡಿನಲ್ಲಿಯೇ, ನಿಬಂಧನೆಗಳನ್ನು ವಿಧಿಸಿದರೆ ಯಂತ್ರವು ಅವುಗಳಿಗೆ ತಕ್ಕಂತೆ ಆಕೃತಿಯನ್ನು ತಾನೇ ತಿದ್ದಿಕೊಳ್ಳುತ್ತಿದ್ದಿತು. ಈಗಿನ ಸಾಲಿಡ್‌ವರ್ಕ್ಸ್, ಫ್ರೀಕ್ಯಾಡ್ ಮೊದಲಾದವುಗಳಲ್ಲಿಯೂ ಇದೇ ನ್ಯಾಯವು ನಡೆಯುತ್ತಿರುವುದು.

ಆದಕಾರಣ ಅಂಕಿಯನ್ನು ಎಲ್ಲಿ ಇರಿಸಬೇಕೆಂಬುದು ಕೇವಲ ಅಂದಚೆಂದದ ಮಾತಲ್ಲ. ನಮ್ಮ ಬೀದಿಯ ಯುವಕನೊಬ್ಬನು ಸಾಲ ಮಾಡಿ ಒಂದು ಚಿಕ್ಕ ಕಾರ್ಖಾನೆಯನ್ನಿಟ್ಟಿರುವನು. ಮೋಟಾರು ಕೂರಿಸುವ ಉಕ್ಕಿನ ತಗಡಿಗೆ ಎರಡು ರಂಧ್ರಗಳು ಬೇಕಾಗಿದ್ದವು. ಒಂದಕ್ಕಿಂತ ಇನ್ನೊಂದು 50 ಮಿಲಿಮೀಟರ್ ಮೇಲೆ, ಓರೆಯಾಗಿ ಅಳೆದರೆ ನಡುವೆ 130. ಹತ್ತು ತಗಡುಗಳು ಕತ್ತರಿಸಿ ಬಂದ ಮೇಲೆ ನೋಡಿದರೆ ಒಂದಕ್ಕೂ ಬೋಲ್ಟು ಕೂರಲೊಲ್ಲದು. "ಮೇಷ್ಟ್ರೇ, ನಾನು ಬರೆದ ಅಂಕಿ ಸರಿಯಾಗಿಯೇ ಇದೆಯಲ್ಲ!" ಎಂದು ಅವನು ನಕ್ಷೆಯನ್ನು ತಂದು ತೋರಿಸಿದನು.

ಅಂಕಿಯು ಸರಿಯೇ, ಅದು ಕುಳಿತ ಸ್ಥಾನ ಬೇರೆ. ಸಾಲಿಡ್‌ವರ್ಕ್ಸ್‌ನಲ್ಲಿ ಎರಡು ಬಿಂದುಗಳನ್ನು ಆರಿಸಿ ಸೂಚಕವನ್ನು ಮೇಲಕ್ಕೋ ಕೆಳಕ್ಕೋ ಒಯ್ದರೆ ಅಡ್ಡಳತೆ, ಪಕ್ಕಕ್ಕೆ ಒಯ್ದರೆ ಎತ್ತರ, ಓರೆಯಾಗಿ ಒಯ್ದರೆ ಕರ್ಣವು ಬರುವುದು. ಇವನು ಸೂಚಕವನ್ನು ನೇರವಾಗಿ ಮೇಲಕ್ಕೆ ಒಯ್ದು ಒತ್ತಿದ್ದರಿಂದ ಯಂತ್ರವು 130ನ್ನು ಅಡ್ಡಳತೆಯೆಂದು ಗ್ರಹಿಸಿತು. ಕರ್ಣವು 139ಕ್ಕೂ ಮೀರಿತು. ಅಡ್ಡಕ್ಕೆ ಬೇಕಾಗಿದ್ದುದು 120. ಐದು, ಹನ್ನೆರಡು, ಹದಿಮೂರರ ಈ ಸಂಬಂಧವು ಬೌಧಾಯನ ಶುಲ್ಬಸೂತ್ರದ ಕಾಲದಿಂದಲೂ ನಮಗೆ ತಿಳಿದದ್ದೇ ಸರಿ. ಆದರೆ ಯಂತ್ರಕ್ಕೆ ನಮ್ಮ ಮನಸ್ಸಿನಲ್ಲಿರುವುದು ತಿಳಿಯದಷ್ಟೆ. ಫ್ರೀಕ್ಯಾಡಿನಲ್ಲಿ ಅಡ್ಡಕ್ಕೂ ಎತ್ತರಕ್ಕೂ ಓರೆಗೂ ಪ್ರತ್ಯೇಕ ಉಪಕರಣಗಳುಂಟು. ಹೊಸಬರಿಗೆ ಅದೇ ಕ್ಷೇಮವೆಂದು ನನ್ನ ಅಭಿಪ್ರಾಯ.

ಇನ್ನು ಅಂಕಿಗಳ ಸಂಖ್ಯೆ. ಆಯತದ ಮೂಲೆಗಳನ್ನು ಕೂಡಿಸಿ, ಬಾಹುಗಳು ಅಡ್ಡವಾಗಿಯೂ ನೆಟ್ಟಗೂ ಇರಬೇಕೆಂದು ವಿಧಿಸಿ, ಒಂದು ಮೂಲೆಯನ್ನು ಮೂಲಬಿಂದುವಿನಲ್ಲಿ ನಿಲ್ಲಿಸಿದರೆ ಮಿಕ್ಕಿರುವುದು ಉದ್ದ ಅಗಲಗಳೆರಡೇ. ಕರ್ಣವನ್ನೂ ಬರೆಯುವೆನೆಂದರೆ ಯಂತ್ರವು ಆಕ್ಷೇಪಿಸುವುದು. ಮೀಮಾಂಸಕರು ವಿಧಿಯೆಂದೂ ಅನುವಾದವೆಂದೂ ವಾಕ್ಯಗಳನ್ನು ವಿಂಗಡಿಸುವರಲ್ಲವೆ? ಇಲ್ಲಿಯೂ ಹಾಗೆಯೇ: ಆಕೃತಿಯನ್ನು ಆಳುವ ಅಳತೆಯು ವಿಧಿ, ಸಿದ್ಧವಾದುದನ್ನು ತಿಳಿಸುವುದು ಅನುವಾದ. ಕರ್ಣವನ್ನು ಎರಡನೆಯ ಬಗೆಯದಾಗಿ ಇಟ್ಟುಕೊಂಡರೆ ಜಗಳವಿಲ್ಲ.

ಮೊದಲ ಗೀಟನ್ನೇ ನಿಜವಾದ ಗಾತ್ರಕ್ಕೆ ಹತ್ತಿರವಾಗಿ ಎಳೆಯುವುದು ಲೇಸು. ಬೆರಳುದ್ದದ ಚಿತ್ರಕ್ಕೆ ಒಮ್ಮೆಲೇ ಮಾರುದ್ದದ ಅಂಕಿ ಕೊಟ್ಟರೆ ರೇಖೆಗಳು ಒಂದರ ಮೇಲೊಂದು ಮಗುಚಿಬೀಳುವುದುಂಟು. ಅಂಕಿಗಳು ಆಕೃತಿಯ ಹೊರಗಿರಲಿ. ಚಿಕ್ಕ ಅಳತೆಯು ಒಳಸಾಲಿನಲ್ಲಿ, ದೊಡ್ಡದು ಹೊರಸಾಲಿನಲ್ಲಿ ಇದ್ದರೆ ಗೀಟುಗಳು ಒಂದನ್ನೊಂದು ಹಾಯುವುದಿಲ್ಲ. ಒಮ್ಮೆ ನೆಲೆನಿಂತ ಅಂಕಿಯನ್ನು ಎಳೆದು ಸರಿಸಿದರೆ ಅದರ ಬೆಲೆಯು ಬದಲಾಗದು. ಆದಕಾರಣ ಕಿಕ್ಕಿರಿದ ಕಡೆ ನಿರ್ಭಯವಾಗಿ ಸರಿಸಬಹುದು.