ಕ್ಯಾಮರಾ ಮತ್ತು ನಿತ್ಯದ ನೋಟ

ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಸೀಮೆಗೆ ಕ್ಯಾಮರಾ ಹಿಡಿದು ಬರುವವರಿಗೆ ಕೊರತೆಯಿಲ್ಲ. ಅವರಲ್ಲಿ ಹೆಚ್ಚಿನವರು ಮಾಗೋಡಿನಲ್ಲಿ ಧುಮುಕುವ ಬೇಡ್ತಿಯನ್ನು, ಉಂಚಳ್ಳಿಯಲ್ಲಿ ಬೀಳುವ ಅಘನಾಶಿನಿಯನ್ನು, ಎರಡು ವರ್ಷಗಳಿಗೊಮ್ಮೆ ನಡೆಯುವ ಶಿರಸಿಯ ಮಾರಿಕಾಂಬಾ ಜಾತ್ರೆಯನ್ನು ಚಿತ್ರಿಸಿಕೊಂಡು ಹಿಂದಿರುಗುತ್ತಾರೆ. ಇವೆಲ್ಲ ನೋಡತಕ್ಕವುಗಳೇ ಸರಿ. ಆದರೆ ಜಲಪಾತದ ದಾರಿಯ ಇಕ್ಕೆಲಗಳಲ್ಲಿ ಬಾಳುವ ಜನರ ದುಡಿಮೆ ಕ್ಯಾಮರಾದ ಕಣ್ಣಿಗೆ ಬೀಳುವುದು ಅಪರೂಪ. ಅಪೂರ್ವವಾದುದನ್ನು ಸೆರೆಹಿಡಿಯುವುದಕ್ಕಿಂತ ನಿತ್ಯದ್ದನ್ನು ಉಳಿಸಿಕೊಳ್ಳುವುದೇ ಛಾಯಾಗ್ರಹಣದ ಹಿರಿಯ ಕರ್ತವ್ಯ.

ಈ ಕಲೆಯ ಮೊದಲ ಹೆಜ್ಜೆಯೇ ಇದಕ್ಕೆ ಸಾಕ್ಷಿ. ಫ್ರಾನ್ಸಿನ ನಿಸೆಫೋರ್ ನಿಯೆಪ್ಸ್ 1826-27ರ ಸುಮಾರಿಗೆ ಕ್ಯಾಮರಾದಿಂದ ತೆಗೆದ ಚಿತ್ರವೊಂದು ಇಂದಿಗೂ ಉಳಿದಿದೆ. ಅದಕ್ಕಿಂತ ಹಳೆಯದು ಉಳಿದುಬಂದಿಲ್ಲ. ಅದರಲ್ಲಿರುವುದು ಅರಸನೂ ಅಲ್ಲ, ಅರಮನೆಯೂ ಅಲ್ಲ. ಅವನ ಮನೆಯ ಕಿಟಕಿಯಿಂದ ಕಾಣುತ್ತಿದ್ದ ಮಾಡು ಮತ್ತು ಗೋಡೆಗಳು!

ಮಲೆನಾಡಿನಲ್ಲಿ ಪ್ರತಿಯೊಂದು ಋತುವಿಗೂ ಅದರದೇ ಕೆಲಸವುಂಟು. ಮಳೆಗಾಲದಲ್ಲಿ ಅಡಕೆಯ ಕೊನೆಗಳಿಗೆ ಕೊಳೆರೋಗ ತಗಲದಂತೆ ಮೈಲುತುತ್ತ ಮತ್ತು ಸುಣ್ಣದ ದ್ರಾವಣ ಸಿಂಪಡಿಸುತ್ತಾರೆ. ಚಳಿಗಾಲದಲ್ಲಿ ಕೊನೆಕೊಯ್ಲು ನಡೆಯುತ್ತದೆ. ಅಂಗಳದ ತುಂಬ ಅಡಕೆ ಹರಡುತ್ತದೆ. ಆಲೆಮನೆಯ ಹೊಗೆ ಏಳುತ್ತದೆ. ಬೇಸಗೆಯಲ್ಲಿ ಬೆಟ್ಟದಿಂದ ಒಣಗಿದೆಲೆಯ ದರಕು ಬರುತ್ತದೆ, ಅಪ್ಪೆಮಿಡಿ ಉಪ್ಪಿನ ಭರಣಿಗೆ ಇಳಿಯುತ್ತದೆ. ಇವು ಎಂದೆಂದಿಗೂ ಹೀಗೆಯೇ ಇರುವುವೆಂದು ಭಾವಿಸುವುದು ತಪ್ಪು. ಒಂದು ಮರದಿಂದ ಇನ್ನೊಂದಕ್ಕೆ ಬಾಗಿ ದಾಟಿ ಅಡಕೆ ಇಳಿಸುವ ಕುಶಲಿಗೆ ಇಲ್ಲಿ ಕೊನೆಗೌಡನೆಂದು ಹೆಸರು. ಈಗ ನೆಲದ ಮೇಲೆ ನಿಂತೇ ಉದ್ದನೆಯ ದೋಟಿಯಿಂದ ಕೊಯ್ಯುವ ರೂಢಿ ಹರಡುತ್ತಿದೆ. ಪ್ರಾಣಾಪಾಯ ತಪ್ಪುವುದರಿಂದ ಅದು ಒಳ್ಳೆಯದೇ. ಆದರೆ ಆ ಕೌಶಲ ಹೇಗಿತ್ತೆಂದು ಮುಂದಿನವರು ಕೇಳಿದಾಗ ತೋರಿಸಲು ಚಿತ್ರವಾದರೂ ಉಳಿಯಬೇಡವೇ?

ಬೆಲೆಬಾಳುವ ಮಸೂರಗಳಿಲ್ಲದೆ ಇದು ಸಾಧ್ಯವಿಲ್ಲವೆಂಬ ವಾದವುಂಟು. ಮಸೂರವೆಂಬುದು ನೋಡುವವನಿಗೂ ವಸ್ತುವಿಗೂ ಇರುವ ದೂರವನ್ನು ಕುರಿತ ಒಂದು ಆಯ್ಕೆ. ಫಿಲ್ಮ್ ಕ್ಯಾಮರಾದಲ್ಲಿ 50 ಮಿಲಿಮೀಟರ್ ಸಂಗಮದೂರದ ಮಸೂರ ಕಣ್ಣಿನ ನೋಟಕ್ಕೆ ಹತ್ತಿರವಾದುದು. 28 ಮಿಲಿಮೀಟರಿನದು ಇಡೀ ಅಂಗಳವನ್ನು ಒಳಗೊಳ್ಳುತ್ತದೆ. 200 ಮಿಲಿಮೀಟರಿನದು ದೂರದ ಮಂಗಟ್ಟೆ ಹಕ್ಕಿಯನ್ನು ಬೆದರಿಸದೆ ಸಮೀಪಕ್ಕೆ ತರುತ್ತದೆ. ಸಾಮಾನ್ಯ ಮಸೂರವನ್ನೇ ತಿರುವುಮುರುವಾಗಿ ಹಿಡಿದರೆ ಪಾಚಿಯ ಮೇಲಿನ ಹನಿಯೂ ದೊಡ್ಡದಾಗಿ ಕಾಣುತ್ತದೆ. ಇಂತಹ ಪ್ರಯೋಗಕ್ಕೆ ಹಣಕ್ಕಿಂತ ತಾಳ್ಮೆ ಮುಖ್ಯ. ಆದರೆ ಹಕ್ಕಿಗೆ ಸಲ್ಲುವ ದೂರ ಮನುಷ್ಯನಿಗೆ ಸಲ್ಲದು. ದುಡಿಯುವವರ ಬಳಿಗೆ ಹೋಗಿ, ಮಾತನಾಡಿಸಿ, ಒಪ್ಪಿಗೆ ಪಡೆದು ಚಿತ್ರ ತೆಗೆಯುವುದೇ ಸಭ್ಯತೆ. ಈ ಸೀಮೆಯ ಮಳೆ ಇನ್ನೊಂದು ಪಾಠವನ್ನೂ ಕಲಿಸುತ್ತದೆ: ಅಡಕೆಯ ಕೊಳೆರೋಗಕ್ಕೆ ಇಂಬಾಗುವ ತೇವವೇ ಮಸೂರದೊಳಗೆ ಬೂಷ್ಟು ಬೆಳೆಯಲೂ ಕಾರಣ. ಬೆಳೆಯನ್ನು ಕಾಯುವಂತೆ ಉಪಕರಣವನ್ನೂ ಕಾಯಬೇಕು.

ನಿತ್ಯದ ಚಿತ್ರಕ್ಕೆ ಸಾಕ್ಷ್ಯದ ಬೆಲೆಯೂ ಉಂಟು. ಆಲ್ಪ್ಸ್ ಪರ್ವತಗಳ ಹಿಮನದಿಗಳು ಕುಗ್ಗಿದ ಪರಿಯನ್ನು ವಿಜ್ಞಾನಿಗಳು ಒಂದೇ ಸ್ಥಳದಿಂದ ಬೇರೆ ಬೇರೆ ವರ್ಷಗಳಲ್ಲಿ ತೆಗೆದ ಚಿತ್ರಗಳನ್ನು ಹೋಲಿಸಿ ಅರಿತಿದ್ದಾರೆ. ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನ 1983ರ ಸೆಪ್ಟೆಂಬರಿನಲ್ಲಿ ಮರಗಳನ್ನು ಅಪ್ಪಿಕೊಂಡು ಕೊಡಲಿಯನ್ನು ತಡೆದರು. ಅದೇ ಅಪ್ಪಿಕೋ ಚಳವಳಿಗೆ ನಾಂದಿಯಾಯಿತು. ಕಾಡು ಅಂದು ಹೇಗಿತ್ತು, ಇಂದು ಹೇಗಿದೆ ಎಂಬ ಪ್ರಶ್ನೆಗೆ ಒಬ್ಬೊಬ್ಬರ ನೆನಪು ಒಂದೊಂದು ಉತ್ತರ ಕೊಡಬಹುದು. ಒಂದೇ ಬೆಟ್ಟವನ್ನು ಒಂದೇ ಕಡೆಯಿಂದ ವರ್ಷವರ್ಷವೂ ಚಿತ್ರಿಸಿ, ಊರು ಮತ್ತು ದಿನಾಂಕಗಳನ್ನು ಬರೆದಿಟ್ಟರೆ ಆ ಉತ್ತರಗಳನ್ನು ಒರೆಗೆ ಹಚ್ಚಬಹುದು.

ಇಂದು ಅನೇಕ ಮನೆಗಳಲ್ಲಿ ಮೊಬೈಲ್ ಫೋನಿನೊಳಗೇ ಕ್ಯಾಮರಾ ಇದೆ. ಜಲಪಾತವನ್ನು ಚಿತ್ರಿಸಲು ಸಾವಿರ ಮಂದಿ ಬರುತ್ತಾರೆ. ಮನೆಯಂಗಳದ ಅಡಕೆಯನ್ನು, ಅದನ್ನು ಸುಲಿಯುವ ಕೈಗಳನ್ನು ಚಿತ್ರಿಸಬೇಕಾದವರು ಆ ಮನೆಯವರೇ.